ಒಂದೇ ಮನೆಗೆ ಮೂವರು: ಹೊಸೂರಿನಲ್ಲಿ ರೂಮ್‌ಮೇಟ್ ಆರಿಸುವ ಬಗೆ

ಅನ್ನ ಅರ್ಧ ಬೆಂದಿತ್ತು, ಗ್ಯಾಸ್ ಮುಗಿಯಿತು. ರಾತ್ರಿ ಒಂಬತ್ತೂವರೆ. ಪಾತ್ರೆಯ ಮುಚ್ಚಳ ತೆಗೆದು ನೋಡಿದರೆ ಮೇಲೆ ಗಂಜಿ, ತಳದಲ್ಲಿ ಗಟ್ಟಿ ಅಕ್ಕಿ. ಮತ್ತಿಗಿರಿ ಕಡೆಯ ಆ ಬಾಡಿಗೆ ಮನೆಯಲ್ಲಿ ನಾವು ಮೂವರಿದ್ದೆವು. ಈ ಸಲ ಸಿಲಿಂಡರ್ ತರಿಸುವ ಸರದಿ ಯಾರದೆಂದು ಮೂವರಿಗೂ ಗೊತ್ತಿತ್ತು, ಆದರೆ ಯಾರೂ ಬಾಯಿ ಬಿಡಲಿಲ್ಲ. ಸರದಿಯವನು ನನ್ನ ಹೈಸ್ಕೂಲಿನ ಗೆಳೆಯ. ಅವನ ಅಮ್ಮನ ಕೈಯಡುಗೆ ಉಂಡು ಬೆಳೆದವನು ನಾನು. 'ದುಡ್ಡು ಯಾಕೋ ಕೊಡಲಿಲ್ಲ' ಅಂತ ಕೇಳಲು ನಾಲಿಗೆ ಏಳಲಿಲ್ಲ. ಅವತ್ತು ಬನ್ನು ತಿಂದು ನೀರು ಕುಡಿದು ಮಲಗಿದೆವು. ಇನ್ನೆರಡು ತಿಂಗಳಿಗೆ ಮನೆ ಮುರಿಯಿತು. ಗೆಳೆತನ ಮೊದಲಿನ ಹಾಗಾಗಲು ವರ್ಷಗಳೇ ಹಿಡಿದವು.

ಆ ಮನೆಯನ್ನು ಕೆಡಿಸಿದ್ದು ದಾಕ್ಷಿಣ್ಯ. ನಮ್ಮ ಕಡೆ ಹುಡುಗರು ಜೊತೆಗೂಡಿ ಮನೆ ಮಾಡುವಾಗ ಮೊದಲು ನೋಡುವುದು ಗುರುತು ಪರಿಚಯ: ಒಂದೇ ಊರಿನವನೇ, ಒಂದೇ ಬೆಂಚಿನವನೇ, ದೂರದ ನೆಂಟನೇ. ಗುರುತು ಹೆಚ್ಚಿದಷ್ಟೂ ಕೇಳುವ ಬಾಯಿ ಕಟ್ಟುತ್ತದೆ. ಗೊತ್ತಿಲ್ಲದವನ ಹತ್ತಿರ ಬಾಡಿಗೆ, ಕಸ, ಬಾತ್‌ರೂಮು ತೊಳೆಯುವ ಸರದಿ ಎಲ್ಲವನ್ನೂ ನೇರವಾಗಿ ಮಾತಾಡುತ್ತೇವೆ. ಗೆಳೆಯನ ಹತ್ತಿರ 'ಅದೆಲ್ಲ ಆಮೇಲೆ ನೋಡ್ಕೊಳ್ಳೋಣ ಬಿಡೋ' ಅಂದುಬಿಡುತ್ತೇವೆ. ಗೆಳೆಯರ ಜೊತೆ ಇರಲೇಬೇಡಿ ಎಂದು ನಾನು ಹೇಳುವುದಿಲ್ಲ. ಗೆಳೆಯನಾಗಲಿ, ಅಪರಿಚಿತನಾಗಲಿ, ಕೇಳಬೇಕಾದ್ದನ್ನೆಲ್ಲ ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿ ಮುಗಿಸಿ. ದುಡ್ಡು ಓನರ್ ಕೈ ಸೇರಿದ ಮೇಲೆ ಕೇಳಿದ ಪ್ರಶ್ನೆ ಜಗಳದ ಹಾಗೆ ಕೇಳಿಸುತ್ತದೆ. ಅದನ್ನೇ ಮುಂಚೆ ಕೇಳಿದರೆ ಯಾರಿಗೂ ನೋವಾಗುವುದಿಲ್ಲ.

ಹೊಸೂರಿನಲ್ಲಿ ಈ ಮಾತಿಗೆ ತೂಕ ಜಾಸ್ತಿ. 1987ರಲ್ಲಿ ಅಧಿಯಮಾನ್ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜಿದೆ, ಮತ್ತಿಗಿರಿಯಲ್ಲಿ ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯದ ಕೋಳಿ ಸಾಕಣೆ ಕಾಲೇಜಿದೆ. ಆದರೂ ಇದು ಮೊದಲಿಗೆ ಕಾರ್ಖಾನೆಗಳ ಊರು. ಟೈಟಾನ್, ಟಿವಿಎಸ್, ಅಶೋಕ್ ಲೇಲ್ಯಾಂಡ್ ಇಲ್ಲಿವೆ, ಸಿಪ್ಕಾಟ್ ಕೈಗಾರಿಕಾ ಪ್ರದೇಶದ ತುಂಬ ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳಿವೆ. ಬೆಂಗಳೂರು 40 ಕಿಲೋಮೀಟರ್ ದೂರ. ಹೀಗಾಗಿ ಒಂದೇ ಬೀದಿಯ ಒಂದೇ ಬೆಡ್‌ರೂಮಿನ ಮನೆಯನ್ನು ವಿದ್ಯಾರ್ಥಿಯೂ ಕೇಳುತ್ತಾನೆ, ಕಾರ್ಖಾನೆಯ ಅಪ್ರೆಂಟಿಸ್ ಹುಡುಗನೂ ಕೇಳುತ್ತಾನೆ, ದಿನಾ ಎಲೆಕ್ಟ್ರಾನಿಕ್ ಸಿಟಿಗೆ ಬಸ್ಸಿನಲ್ಲಿ ಹೋಗಿಬರುವವನೂ ಕೇಳುತ್ತಾನೆ. ಬಾಡಿಗೆ ಹಂಚಿಕೊಳ್ಳಲು ಕೊನೆಗೆ ಈ ಮೂವರೇ ಒಂದಾಗುವುದೂ ಉಂಟು. ಭಾಷೆಯೂ ಮೂರು. ತಳಿ, ಅಂಚೆಟ್ಟಿ, ಬಾಗಲೂರು, ಬೇರಿಕೆ ಕಡೆಯಿಂದ ಮನೆಯಲ್ಲಿ ಕನ್ನಡವೋ ತೆಲುಗೋ ಆಡುವ ಮಕ್ಕಳು ಬರುತ್ತಾರೆ. ಧರ್ಮಪುರಿ, ಸೇಲಂ ಕಡೆಯಿಂದ ತಮಿಳಿನ ಮಕ್ಕಳು ಬರುತ್ತಾರೆ. ಭಾಷೆಯಿಂದ ಮನೆ ಒಡೆದದ್ದನ್ನು ನಾನು ಕಂಡಿಲ್ಲ. ಹೊಸೂರಿನಲ್ಲಿ ಮೂರು ಭಾಷೆ ಬೆರೆಸಿ ಮಾತಾಡುವುದು ಮಕ್ಕಳಿಗೂ ಬರುತ್ತದೆ. ಒಡೆಯುವುದು ನಿದ್ದೆಯಿಂದ, ಕರೆಂಟು ಬಿಲ್ಲಿನಿಂದ, ಪಾತ್ರೆ ತೊಳೆಯುವುದರಿಂದ.

ಹಾಗಾದರೆ ಏನು ಕೇಳಬೇಕು? ಅದಕ್ಕಿಂತ ಹೇಗೆ ಕೇಳಬೇಕು ಅನ್ನುವುದು ಮುಖ್ಯ. 'ಬೇಗ ಮಲಗ್ತೀಯಾ?' ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ತಾವು ಹೇಗಿರಬೇಕೆಂದು ಆಸೆಯಿದೆಯೋ ಅದನ್ನು ಹೇಳುತ್ತಿರುತ್ತಾರೆ. 'ನಿನ್ನೆ ರಾತ್ರಿ ಎಷ್ಟು ಗಂಟೆಗೆ ಮಲಗಿದೆ? ಮೊನ್ನೆ?' ಎಂದು ಕೇಳಿ. 'ನೀಟಾಗಿ ಇರ್ತೀಯಾ?' ಎನ್ನುವ ಬದಲು 'ಹೋದ ವಾರ ನಿಮ್ಮ ರೂಮು ಗುಡಿಸಿದ್ದು ಯಾರು?' ಎಂದು ಕೇಳಿ. 'ದುಡ್ಡಿನ ವಿಷಯದಲ್ಲಿ ಹೇಗೆ?' ಬೇಡ, 'ಮನೆಯಿಂದ ದುಡ್ಡು ಯಾವ ತಾರೀಕಿಗೆ ಬರುತ್ತೆ?' ಸಾಕು. ಓನರಿಗೆ ಬಾಡಿಗೆ ಐದನೇ ತಾರೀಕಿಗೆ ಬೇಕು, ಜೊತೆಯವನ ಅಪ್ಪನಿಗೆ ರೇಷ್ಮೆಗೂಡೋ ಟೊಮೆಟೊವೋ ಮಾರಿದ ಮೇಲಷ್ಟೇ ಕೈಗೆ ದುಡ್ಡು ಬರುತ್ತದೆ ಎಂದಾದರೆ, ಅದರಲ್ಲಿ ತಪ್ಪಿಲ್ಲ. ಆದರೆ ಆ ನಡುವಿನ ದಿನಗಳ ಬಾಡಿಗೆಯನ್ನು ಯಾರು ಕೈಯಿಂದ ಹಾಕುತ್ತಾರೆ ಎಂಬುದು ಮೊದಲೇ ತೀರ್ಮಾನವಾಗಬೇಕು.

ಸಾಧ್ಯವಿದ್ದರೆ ಅವರು ಈಗ ಇರುವ ರೂಮಿಗೇ ಹೋಗಿ ಮಾತಾಡಿ. ಟೀ ಅಂಗಡಿಯಲ್ಲಿ ಎಲ್ಲರೂ ಒಳ್ಳೆಯವರೇ. ರೂಮಿಗೆ ಹೋದರೆ ಕಣ್ಣಿಗೆ ಬೀಳುವುದು ಬೇರೆ. ಸಿಂಕಿನಲ್ಲಿ ಬೆಳಗಿನ ತಟ್ಟೆ ಇದೆಯೇ? ಅದರ ಅಂಚಿನಲ್ಲಿ ಸಾಂಬಾರು ಒಣಗಿ ಅಂಟಿದೆಯೇ? ಒದ್ದೆ ಟವಲು ಹಗ್ಗದ ಮೇಲಿದೆಯೋ, ಹಾಸಿಗೆಯ ಮೇಲೋ? ತಟ್ಟೆ ಒಣಗಿದ್ದರೆ ಆ ಹುಡುಗ ಕೆಟ್ಟವನೆಂದು ಅರ್ಥವಲ್ಲ. ನಿಮ್ಮ ತಟ್ಟೆಯೂ ಹಾಗೇ ಒಣಗುವುದಾದರೆ ಇಬ್ಬರೂ ನೆಮ್ಮದಿಯಾಗಿರುತ್ತೀರಿ. ತೊಂದರೆ ಬರುವುದು ಒಬ್ಬ ತಕ್ಷಣ ತೊಳೆಯುವವನು, ಇನ್ನೊಬ್ಬ ನಾಳೆ ತೊಳೆಯುವವನು ಆದಾಗ. ತಕ್ಷಣ ತೊಳೆಯುವವನು ಎರಡು ವಾರ ಎಲ್ಲರದನ್ನೂ ತೊಳೆಯುತ್ತಾನೆ, ಮೂರನೇ ವಾರ ತನ್ನ ತಟ್ಟೆಯೊಂದನ್ನೇ ತೊಳೆದು ಬೀರುವಿನಲ್ಲಿ ಇಟ್ಟುಕೊಳ್ಳುತ್ತಾನೆ. ತಟ್ಟೆ ಬೀರು ಸೇರಿದ ಮನೆ ಬಹಳ ದಿನ ನಿಲ್ಲುವುದಿಲ್ಲ.

ನಿದ್ದೆಯ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ಹೊಸೂರಿನ ಮನೆಗಳಲ್ಲಿ ನಾನು ಹೆಚ್ಚು ಜಗಳ ಕಂಡಿರುವುದು ಇದಕ್ಕೇ. ಜೊತೆಗಾರ ಕಾರ್ಖಾನೆಯ ಹುಡುಗನಾದರೆ 'ಶಿಫ್ಟ್ ಯಾವುದು, ಎಷ್ಟು ದಿನಕ್ಕೊಮ್ಮೆ ಬದಲಾಗುತ್ತೆ?' ಎಂಬುದೇ ಮೊದಲ ಪ್ರಶ್ನೆಯಾಗಲಿ. ಈ ವಾರ ಬೆಳಗಿನ ಪಾಳಿ, ಮುಂದಿನ ವಾರ ಮಧ್ಯಾಹ್ನ, ಅದರ ಮುಂದಿನ ವಾರ ರಾತ್ರಿ ಎಂದು ಸುತ್ತುವವನಿದ್ದರೆ, ಅವನು ಬೆಳಿಗ್ಗೆ ಏಳಕ್ಕೆ ಬಂದು ಮಲಗುವ ಹೊತ್ತಿಗೆ ನೀವು ಮಿಕ್ಸಿ ಹಾಕುತ್ತಿರುತ್ತೀರಿ. ನಿಮ್ಮ ಸೆಮಿಸ್ಟರ್ ಪರೀಕ್ಷೆಯ ಹಿಂದಿನ ರಾತ್ರಿ ಅವನು ಎರಡು ಗಂಟೆಗೆ ಎದ್ದು ಲೈಟು ಹಾಕುತ್ತಾನೆ. ಇಬ್ಬರ ತಪ್ಪೂ ಇಲ್ಲ. ಒಂದೇ ಕೋಣೆಯ ಮನೆಯಲ್ಲಿ ಇದಕ್ಕೆ ಪರಿಹಾರವೂ ಇಲ್ಲ, ನೇರವಾಗಿ ಬೇಡವೆನ್ನಿ. ಎರಡು ಕೋಣೆ ಇದ್ದರೆ ಪಾಳಿಯವನಿಗೆ ರಸ್ತೆಗೆ ದೂರವಾದ, ಕಿಟಕಿ ಚಿಕ್ಕದಾದ ಕೋಣೆ ಕೊಡಿ. ಇಬ್ಬಿಬ್ಬರು ಮಲಗುವಾಗ ಭಾಷೆ, ಊರು ನೋಡಿ ಜೋಡಿ ಮಾಡಬೇಡಿ, ಮಲಗುವ ಹೊತ್ತು ನೋಡಿ ಮಾಡಿ.

ಇಷ್ಟ ನೋಡಿ ಜೋಡಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಗಣಿತದಲ್ಲೇ ಒಂದು ಉತ್ತರವಿದೆ. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಗಣಿತಜ್ಞರು ಕಾಲೇಜು ಪ್ರವೇಶ ಮತ್ತು ಮದುವೆಯ ಜೋಡಿಗಳ ಬಗ್ಗೆ ಒಂದು ಪ್ರಬಂಧ ಬರೆದರು. ಶಾಪ್ಲಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಈ ಕೆಲಸದ ಸಲುವಾಗಿ. ಆ ಪ್ರಬಂಧದಲ್ಲೇ ರೂಮ್‌ಮೇಟ್‌ಗಳ ಒಂದು ಉದಾಹರಣೆ ಇದೆ. ಅದನ್ನು ನಮ್ಮ ಊರಿಗೆ ತಂದು ಹೇಳುತ್ತೇನೆ. ಎರಡು ಕೋಣೆ, ನಾಲ್ಕು ಹುಡುಗರು. ತಳಿಯವನಿಗೆ ಬಾಗಲೂರಿನವನ ಜೊತೆ ಇರುವ ಆಸೆ. ಬಾಗಲೂರಿನವನಿಗೆ ಅಂಚೆಟ್ಟಿಯವನು ಬೇಕು. ಅಂಚೆಟ್ಟಿಯವನಿಗೆ ತಳಿಯವನೇ ಬೇಕು. ಶೂಲಗಿರಿಯವನು ಮೂವರಿಗೂ ಕೊನೆಯ ಆಯ್ಕೆ. ಈಗ ತಳಿ ಮತ್ತು ಬಾಗಲೂರನ್ನು ಒಂದು ಕೋಣೆಗೆ ಹಾಕಿ. ಶೂಲಗಿರಿಯವನ ಜೊತೆ ಉಳಿದ ಅಂಚೆಟ್ಟಿಯವನು ಬಾಗಲೂರಿನವನನ್ನು ಕರೆಯುತ್ತಾನೆ. ಬಾಗಲೂರಿನವನಿಗೆ ಅವನೇ ಮೊದಲ ಆಯ್ಕೆಯಾದ್ದರಿಂದ ಎದ್ದು ಬರುತ್ತಾನೆ. ಈಗ ಶೂಲಗಿರಿಯವನ ಪಾಲಿಗೆ ಬಂದ ತಳಿಯವನು ಅಂಚೆಟ್ಟಿಯವನನ್ನು ಕರೆಯುತ್ತಾನೆ, ಅಂಚೆಟ್ಟಿಯವನೂ ಹೊರಡುತ್ತಾನೆ. ಹೇಗೆ ಜೋಡಿಸಿದರೂ ಇದು ನಿಲ್ಲುವುದಿಲ್ಲ. ನಿಲ್ಲುವ ಜೋಡಿ ಇದೆಯೇ ಇಲ್ಲವೇ ಎಂದು ಬೇಗ ಕಂಡುಹಿಡಿಯುವ ಕ್ರಮವನ್ನು 1985ರಲ್ಲಿ ರಾಬರ್ಟ್ ಇರ್ವಿಂಗ್ ಕೊಟ್ಟರು. ಆದರೆ ಇಲ್ಲದ ಕಡೆ ಯಾವ ಕ್ರಮವೂ ಅದನ್ನು ಹುಟ್ಟಿಸಲಾರದು. ನಾಲ್ವರ ಮನೆಯಲ್ಲಿ 'ಯಾರಿಗೆ ಯಾರು ಇಷ್ಟ' ಎಂಬ ಮಾತನ್ನೇ ಎತ್ತಬೇಡಿ ಎಂದು ನಾನು ಹೇಳುವುದು ಅದಕ್ಕೇ. ಆ ಶೂಲಗಿರಿಯ ಹುಡುಗನ ಜಾಗದಲ್ಲಿ ನಿಂತು ನೋಡಿ, ಅವನಿಗೆ ಎಷ್ಟು ನೋವಾಗಬೇಕು! ಸೆಮಿಸ್ಟರಿಗೊಮ್ಮೆ ಕೋಣೆ ಬದಲಿಸುವ ಪದ್ಧತಿ ಇಟ್ಟುಕೊಂಡರೆ ಯಾರೂ ಯಾರನ್ನೂ ತಳ್ಳಿದ ಹಾಗಾಗುವುದಿಲ್ಲ.

ಕೋಣೆ ಒಂದೇ ಸಮ ಇಲ್ಲದಿದ್ದರೆ ಬಾಡಿಗೆಯನ್ನು ಸಮನಾಗಿ ಹಂಚುವುದು ನ್ಯಾಯವಲ್ಲ. ಇಬ್ಬರಿದ್ದರೆ ಹಳೆಯ ಉಪಾಯವೇ ಸಾಕು: ಒಬ್ಬ ಎರಡೂ ಕೋಣೆಗೆ ದರ ಹೇಳಲಿ, ಇನ್ನೊಬ್ಬ ತನಗೆ ಬೇಕಾದ ಕೋಣೆ ಆರಿಸಲಿ. ಮೂವರಿದ್ದು ಒಬ್ಬನಿಗೆ ಒಂಟಿ ಕೋಣೆ ಸಿಗುವುದಾದರೆ ಹೀಗೆ ಮಾಡಿ. ಬಾಡಿಗೆ 9,000 ರೂಪಾಯಿ ಎಂದಿಟ್ಟುಕೊಳ್ಳಿ. ಒಂಟಿ ಕೋಣೆಗೆ 3,000ದಿಂದ ಶುರುಮಾಡಿ ನೂರು ಇನ್ನೂರು ಏರಿಸುತ್ತ ಹೋಗಿ, 'ಇಷ್ಟಕ್ಕೂ ಬೇಕೇ?' ಎಂದು ಕೇಳಿ. 3,800ಕ್ಕೆ ಒಬ್ಬನೇ ಉಳಿದರೆ ಕೋಣೆ ಅವನದು, ಉಳಿದಿಬ್ಬರಿಗೆ ತಲಾ 2,600. ಯಾರಿಗೂ ಮೋಸವಾಯಿತು ಅನ್ನಿಸುವುದಿಲ್ಲ, ದರ ಏರಿಸಿದ್ದು ಅವರೇ. ಪ್ರತಿಯೊಬ್ಬರೂ ತಮ್ಮ ತಮ್ಮ ಕೋಣೆಯನ್ನೇ ಮೆಚ್ಚುವಂತೆ ಬಾಡಿಗೆ ಹಂಚಬಹುದು ಎಂದು ಫ್ರಾನ್ಸಿಸ್ ಸು ಎಂಬ ಗಣಿತಜ್ಞರು 1999ರಲ್ಲಿ ಸಾಧಿಸಿ ತೋರಿಸಿದ್ದಾರೆ.

ಕರೆಂಟಿನ ಲೆಕ್ಕ ಕರ್ನಾಟಕದಿಂದ ಬಂದವರಿಗೆ ಹೊಸದು. ಅಲ್ಲಿ ಬಿಲ್ಲು ತಿಂಗಳಿಗೊಮ್ಮೆ, ತಮಿಳುನಾಡಿನಲ್ಲಿ ಮನೆಗಳಿಗೆ ಎರಡು ತಿಂಗಳಿಗೊಮ್ಮೆ. ಎರಡು ತಿಂಗಳಿಗೆ ಮೊದಲ 100 ಯೂನಿಟ್ ಉಚಿತ, ಆಮೇಲೆ ಹಂತ ಹಂತವಾಗಿ ದರ ಏರುತ್ತದೆ. 500 ಯೂನಿಟ್ ದಾಟಿದರೆ ಕೆಳಗಿನ ಹಂತದ ಯೂನಿಟ್ಟುಗಳಿಗೂ ಹೆಚ್ಚಿನ ದರ ಬೀಳುತ್ತದೆ. ಈಗ ಗೀಸರಿನ ಲೆಕ್ಕ ನೋಡಿ. ಸಾಮಾನ್ಯ ಗೀಸರ್ 2,000 ವಾಟಿನದು, ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ನಾಲ್ವರು ದಿನಕ್ಕೆ ತಲಾ ಹದಿನೈದು ನಿಮಿಷ ಹಾಕಿದರೆ ದಿನಕ್ಕೆ ಎರಡು ಯೂನಿಟ್, ಎರಡು ತಿಂಗಳಿಗೆ 120. ಹೊಸೂರು ಎತ್ತರದ ಊರು, ಧನುರ್ಮಾಸದ ಚಳಿಯಲ್ಲಿ ಯಾರೂ ತಣ್ಣೀರು ಹುಯ್ದುಕೊಳ್ಳುವುದಿಲ್ಲ. ಉಚಿತದ ನೂರು ಯೂನಿಟ್ ಸ್ನಾನಕ್ಕೇ ಸರಿಹೋಯಿತು. ಒಬ್ಬ ಇಂಡಕ್ಷನ್ ಒಲೆಯಲ್ಲಿ ಅಡುಗೆ ಮಾಡಿ, ಇನ್ನೊಬ್ಬ ದೊಡ್ಡ ಕಂಪ್ಯೂಟರ್ ಹಗಲೂ ರಾತ್ರಿ ಓಡಿಸಿದರೆ ಮನೆ 500ರ ಗೆರೆಯ ಹತ್ತಿರ ಬಂದೇಬಿಡುತ್ತದೆ. ಯಾರ ಹತ್ತಿರ ಏನೇನು ಸಾಮಾನಿದೆ ಎಂದು ಮುಂಚೆಯೇ ಕೇಳಬೇಕಾದ್ದು ಇದಕ್ಕೆ. ಓನರನ್ನು ಕೇಳಬೇಕಾದ ಮಾತೂ ಒಂದಿದೆ: ಈ ಮನೆಗೆ ಬೇರೆ ಮೀಟರ್ ಇದೆಯೋ, ಇಲ್ಲ ಸಬ್‌ಮೀಟರೋ? ಸಬ್‌ಮೀಟರಾದರೆ ಓನರ್ ಹೇಳಿದ್ದೇ ದರ, ಉಚಿತ ಯೂನಿಟ್ ನಿಮಗೆ ಸಿಗದೇ ಹೋಗಬಹುದು.

ಎರಡು ತಿಂಗಳ ಬಿಲ್ಲಿನಲ್ಲಿ ಇನ್ನೊಂದು ತೊಡಕಿದೆ. ನಡುವೆ ಯಾರಾದರೂ ಬಿಟ್ಟುಹೋದರೆ ಅವರು ಉರಿಸಿದ ಕರೆಂಟಿನ ಬಿಲ್ಲು ಅವರು ಹೋದ ಮೇಲೆ ಬರುತ್ತದೆ. ಒಬ್ಬರು ಬಂದ ದಿನ, ಹೋದ ದಿನ ಮೀಟರಿನ ಫೋಟೊ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿ. ಅರ್ಧ ನಿಮಿಷದ ಕೆಲಸ.

ಶನಿವಾರ ಊರಿಗೆ ಹೋಗುವವರ ಲೆಕ್ಕ ಬೇರೆ. ತಳಿಯೋ ಡೆಂಕಣಿಕೋಟೆಯೋ ಆದರೆ ಹುಡುಗ ವಾರ ವಾರ ಬಸ್ ಹತ್ತುತ್ತಾನೆ, ಸೇಲಂನವನು ಇಲ್ಲೇ ಉಳಿಯುತ್ತಾನೆ. 'ನಾನು ಇರಲೇ ಇಲ್ಲವಲ್ಲ, ಪೂರ್ತಿ ಯಾಕೆ ಕೊಡಲಿ?' ಎಂಬ ಪ್ರಶ್ನೆ ಎರಡನೇ ತಿಂಗಳಿಗೆ ಬಂದೇ ಬರುತ್ತದೆ. ಬಾಡಿಗೆ, ಇಂಟರ್ನೆಟ್, ಕಸದ ದುಡ್ಡು ಇದ್ದರೂ ಇಲ್ಲದಿದ್ದರೂ ಸಮ. ದಿನಸಿ, ಹಾಲು, ನೀರಿನ ಕ್ಯಾನು ಇದ್ದ ದಿನಗಳ ಮೇಲೆ. ಈ ಎರಡನ್ನೂ ಒಂದೇ ಡಬ್ಬಿಗೆ ಹಾಕಬೇಡಿ. ನೀರಿನ ಕ್ಯಾನು ಚಿಕ್ಕ ವಿಷಯ ಎಂದುಕೊಳ್ಳಬೇಡಿ. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದರಿಂದಲೇ ಹೊಗೇನಕಲ್‌ನಿಂದ ಕಾವೇರಿ ನೀರು ತರುವ ಯೋಜನೆ ಬಂತು. ಬೋರಿನ ನೀರಿರುವ ಮನೆಯಲ್ಲಿ ಕುಡಿಯಲು 20 ಲೀಟರಿನ ಕ್ಯಾನು ಬೇಕೇ ಬೇಕು. ಮೂರನೇ ಮಹಡಿಗೆ ಅದನ್ನು ಹೊತ್ತು ತರುವವನು ಯಾವಾಗಲೂ ಒಬ್ಬನೇ ಆಗಿದ್ದರೆ, ಅವನು ಅದನ್ನು ಮರೆಯುವುದಿಲ್ಲ.

ಅಡುಗೆಯಲ್ಲಿ ಒಂದು ಒಗ್ಗಟ್ಟು ಸುಲಭ: ರಾಗಿ ಮುದ್ದೆ ಈ ಸೀಮೆಯ ಎಲ್ಲ ಮನೆಗೂ ಗೊತ್ತು, ತಮಿಳಿನವರಿಗೆ ಅದು ಕಳಿ. ಮಾಂಸದ ವಿಷಯ ಮಾತ್ರ ಬಾಯಿಬಿಟ್ಟು ಕೇಳಿ. ಮನೆಯಲ್ಲಿ ಬೇಯಿಸಬಹುದೇ, ಹೊರಗಿನಿಂದ ತಂದು ತಿನ್ನಬಹುದೇ, ಪಾತ್ರೆ ಬೇರೆ ಬೇಕೇ, ಓನರಿಗೆ ಆಕ್ಷೇಪವಿದೆಯೇ? ಕುಡಿತ, ಸಿಗರೇಟು, ರಾತ್ರಿ ಉಳಿಯುವ ನೆಂಟರು, ಇವೂ ಹಾಗೆಯೇ. ಬೆಟ್ಟದ ಚಂದ್ರಚೂಡೇಶ್ವರನ ತೇರಿನ ಸಮಯದಲ್ಲಿ ಹಳ್ಳಿಯಿಂದ ನೆಂಟರು ಬರುತ್ತಾರೆ. ಒಂದು ರಾತ್ರಿ ಸಂತೋಷ, ನಾಲ್ಕು ರಾತ್ರಿ ಆದರೆ ಬಾತ್‌ರೂಮಿನ ಮುಂದೆ ಸಾಲು. ಇನ್ನು ಅಡುಗೆಗೆ ಗ್ಯಾಸ್ ಕನೆಕ್ಷನ್ ಇಲ್ಲದವರು 5 ಕಿಲೋ ಸಿಲಿಂಡರ್ ಕೊಳ್ಳಬಹುದು. ಗುರುತಿನ ಚೀಟಿ ಸಾಕು, ವಿಳಾಸದ ದಾಖಲೆ ಬೇಡ.

ಇಷ್ಟೆಲ್ಲ ಕೇಳಿ ಅಂದೆ. ಕೇಳಬಾರದ ಪ್ರಶ್ನೆಯೂ ಒಂದಿದೆ: 'ನೀವು ಯಾವ ಜನ?' ಓನರುಗಳು ಇದನ್ನು ಕೇಳುತ್ತಾರೆ, ಸುತ್ತಿ ಬಳಸಿ ಕೇಳುತ್ತಾರೆ. ಓದುವ ಮಕ್ಕಳು ಕೇಳಬಾರದು. ಜಾತಿ ಕೇಳಿದರೆ ನಿಮಗೆ ಅವನ ನಿದ್ದೆ ಗೊತ್ತಾಗುವುದಿಲ್ಲ, ಬಾಡಿಗೆ ಕೊಡುವ ತಾರೀಕು ಗೊತ್ತಾಗುವುದಿಲ್ಲ, ತಟ್ಟೆ ತೊಳೆಯುತ್ತಾನೋ ಇಲ್ಲವೋ ಗೊತ್ತಾಗುವುದಿಲ್ಲ. ಒಬ್ಬ ಒಳ್ಳೆಯ ಜೊತೆಗಾರನನ್ನು ಮಾತ್ರ ಕಳೆದುಕೊಳ್ಳುತ್ತೀರಿ, ಅವನ ಮನಸ್ಸಿಗೆ ಗಾಯ ಮಾಡಿ ಕಳೆದುಕೊಳ್ಳುತ್ತೀರಿ.

ಮಾತು ಮುಗಿದ ಮೇಲೆ ಕಾಗದ. ತಮಿಳುನಾಡಿನಲ್ಲಿ 2017ರ ಬಾಡಿಗೆ ಕಾಯ್ದೆ 2019ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕರಾರು ಬರಹದಲ್ಲೇ ಇರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ. ಓನರಿನ ಲಿಖಿತ ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಡುವಂತಿಲ್ಲ. ಕರಾರು ಒಬ್ಬನ ಹೆಸರಿನಲ್ಲಿದ್ದು ಉಳಿದವರು ಸುಮ್ಮನೆ ಬಂದು ಸೇರಿದರೆ ಇಬ್ಬರಿಗೂ ಅಪಾಯ: ಹೆಸರಿದ್ದವನು ಎಲ್ಲರ ಬಾಕಿಗೂ ಹೊಣೆಗಾರ, ಹೆಸರಿಲ್ಲದವನಿಗೆ ಕೇಳುವ ಹಕ್ಕೇ ಇಲ್ಲ. ಎಲ್ಲರ ಹೆಸರೂ ಬರಲಿ. ಕರಾರು ತಮಿಳಿನಲ್ಲಿದ್ದು ನಿಮಗೆ ಓದಲು ಬಾರದಿದ್ದರೆ, ಓದಬಲ್ಲವರಿಂದ ಸಾಲು ಸಾಲಾಗಿ ಓದಿಸಿ ಕೇಳಿಯೇ ಸಹಿ ಹಾಕಿ. ಅಲ್ಲಿಯೂ ದಾಕ್ಷಿಣ್ಯ ಬೇಡ.

ಓನರಿನ ಕರಾರಿನ ಜೊತೆಗೆ ನೀವು ನೀವೇ ಮಾಡಿಕೊಂಡ ಒಂದು ಹಾಳೆ ಇರಲಿ. ನಮ್ಮ ಎರಡನೇ ಮನೆಯಲ್ಲಿ ಅದು ಒಂದು ನೋಟ್‌ಬುಕ್ಕಿನ ಹಾಳೆ, ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದ್ದೆವು. ಅಡ್ವಾನ್ಸಿನಲ್ಲಿ ಯಾರದು ಎಷ್ಟು, ಬಾಡಿಗೆಯ ತಾರೀಕು, ಸಿಲಿಂಡರಿನ ಸರದಿ, ಬಿಡುವವರು ಒಂದು ತಿಂಗಳು ಮುಂಚೆ ಹೇಳಬೇಕು, ಹೊಸಬರು ಬಂದರೆ ಹೋಗುವವರ ಅಡ್ವಾನ್ಸನ್ನು ಆ ಹೊಸಬರೇ ಕೊಡಬೇಕು. ಎಣ್ಣೆ ಹತ್ತಿ ಹಳದಿಯಾದ ಆ ಹಾಳೆಯನ್ನು ಯಾರೂ ಮತ್ತೆ ಮತ್ತೆ ಓದುತ್ತಿರಲಿಲ್ಲ. ಆದರೆ 'ಈ ಸಲ ನಿಂದು' ಎಂದು ಹೇಳಬೇಕಾದ ಕಷ್ಟ ಯಾರಿಗೂ ಬರಲಿಲ್ಲ. ಹಾಳೆಯ ಕಡೆ ಕೈ ತೋರಿಸಿದರೆ ಸಾಕಿತ್ತು. ಆ ಮನೆ ಮೂರು ವರ್ಷ ನಡೆಯಿತು.

ಮೊದಲ ವರ್ಷದವರು ಸೀನಿಯರ್‌ಗಳ ಮನೆ ಸೇರುವಾಗ ಒಂದು ಎಚ್ಚರ. 'ಅಣ್ಣ ಹೇಳಿದ್ದಾರೆ' ಎಂದು ಅವರ ಬಟ್ಟೆ ಒಗೆಯುವುದು, ಸರದಿ ಮೀರಿ ಅಡುಗೆ ಮಾಡುವುದು ಬಂದರೆ ಅದು ರ್‍ಯಾಗಿಂಗ್. ತಮಿಳುನಾಡಿನಲ್ಲಿ ಅದನ್ನು ನಿಷೇಧಿಸುವ ಕಾಯ್ದೆ 1997ರಿಂದಲೇ ಇದೆ. ದೇಶಕ್ಕೆಲ್ಲ ಒಂದೇ ಉಚಿತ ಸಹಾಯವಾಣಿ: 1800-180-5522. ಹೆಣ್ಣುಮಕ್ಕಳು ಪಿಜಿಗೋ ಖಾಸಗಿ ಹಾಸ್ಟೆಲಿಗೋ ಸೇರುವುದಾದರೆ, ತಮಿಳುನಾಡಿನ 2014ರ ಹಾಸ್ಟೆಲ್ ಕಾಯ್ದೆಯಂತೆ ಪಡೆಯಬೇಕಾದ ಲೈಸೆನ್ಸ್ ಇದೆಯೇ ಎಂದು ಕೇಳಿ. ತೋರಿಸಲು ಹಿಂಜರಿದರೆ ಬೇರೆ ಕಡೆ ನೋಡಿ.

ಕಾಲೇಜು ಶುರುವಾಗುವ ವಾರ ಹೊಸೂರಿನಲ್ಲಿ ಒಳ್ಳೆಯ ಮನೆ ಸಿಗುವುದು ಕಷ್ಟ, ಅವಸರದಲ್ಲಿ ಕೈಗೆ ಸಿಕ್ಕವರ ಜೊತೆ ಸೇರಿಬಿಡುತ್ತೇವೆ. ದಯವಿಟ್ಟು ಒಂದು ತಿಂಗಳು ಮುಂಚೆ ಶುರುಮಾಡಿ, ಮನೆಗಿಂತ ಮೊದಲು ಜೊತೆಗಾರರನ್ನು ಹುಡುಕಿ. ಈ ಭಾನುವಾರ ಅವರ ರೂಮಿಗೆ ಹೋಗಿ, ಒಂದು ಗಂಟೆ ಕೂತು, ನಿನ್ನೆ ರಾತ್ರಿ ಎಷ್ಟು ಗಂಟೆಗೆ ಮಲಗಿದಿರಿ ಎಂಬಲ್ಲಿಂದ ಮಾತು ಶುರುಮಾಡಿ.